ಕೊಂಬಿನ ಜಾಗದಲ್ಲಿ ಟ್ರಾಫಿಕ್ ಕೋನ್ ಯಾಕೆ?

2026 ಗೊಂಬೆಗಳ ವರ್ಷ. ಕ್ರೀಡಾಕೂಟಗಳ ಗುರುತಾಗಿ ಬರುವ ಗೊಂಬೆಗಳು, ಅಂದರೆ ಮ್ಯಾಸ್ಕಾಟ್‌ಗಳು. ಇಟಲಿಯ ಮಿಲಾನ್-ಕೊರ್ತಿನಾ ಚಳಿಗಾಲದ ಒಲಿಂಪಿಕ್ಸ್‌ಗೆ ಟೀನಾ, ಮೀಲೊ ಅನ್ನುವ ಎರಡು ಸ್ಟೋಟ್‌ಗಳು. ನಮ್ಮ ಮುಂಗುಸಿಯನ್ನು ನೆನಪಿಸುವ ಉದ್ದ ಮೈಯ ಪುಟ್ಟ ಪ್ರಾಣಿಗಳವು. ಫುಟ್‌ಬಾಲ್ ವಿಶ್ವಕಪ್‌ಗೆ ಕೆನಡಾದ ಮೂಸ್ ಮೇಪಲ್, ಮೆಕ್ಸಿಕೊದ ಜಾಗ್ವಾರ್ ಜಾಯು, ಅಮೆರಿಕದ ಹದ್ದು ಕ್ಲಚ್. ಜಪಾನಿನ ಐಚಿ-ನಗೋಯಾ ಏಷ್ಯನ್ ಗೇಮ್ಸ್‌ಗೆ ಹೊನೊಹೊನ್. ಇವುಗಳ ನಡುವೆ ಗ್ಲಾಸ್ಗೊ ಕಾಮನ್‌ವೆಲ್ತ್ ಗೇಮ್ಸ್‌ಗೆ ಫಿನ್ನಿ ಅನ್ನುವ ಯೂನಿಕಾರ್ನ್, ಅಂದರೆ ಕಥೆಗಳಲ್ಲಿ ಬರುವ ಒಂಟಿ ಕೊಂಬಿನ ಕುದುರೆ. ಅದರ ಹಣೆ ಮೇಲೆ ಕೊಂಬು ಇರಬೇಕಾದ ಜಾಗದಲ್ಲಿ ಟ್ರಾಫಿಕ್ ಕೋನ್ ಇದೆ.

ಬೆಂಗಳೂರಿನವರಿಗೆ ಟ್ರಾಫಿಕ್ ಕೋನ್ ಅಂದರೆ ಅಗೆದ ರಸ್ತೆ ಪಕ್ಕ, ಮೆಟ್ರೊ ಕಾಮಗಾರಿ ಮುಂದೆ ನಿಂತಿರುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್. ಯೂನಿಕಾರ್ನ್ ಸ್ಕಾಟ್ಲೆಂಡಿನ ರಾಷ್ಟ್ರಪ್ರಾಣಿ. ಅದರ ತಲೆ ಮೇಲೆ ಇದನ್ನು ಯಾಕಪ್ಪಾ ಇಟ್ಟರು ಅಂತ ಯಾರಿಗಾದರೂ ಅನ್ನಿಸುತ್ತದೆ. ಈ ಪ್ರಶ್ನೆ ದೂರದ್ದೂ ಅಲ್ಲ. 2030ರ ಕಾಮನ್‌ವೆಲ್ತ್ ಗೇಮ್ಸ್ ಅಹಮದಾಬಾದಿಗೆ ಅಂತ 2025ರ ನವೆಂಬರ್ 26ರಂದು ತೀರ್ಮಾನವಾಗಿದೆ. 2036ರ ಒಲಿಂಪಿಕ್ಸ್ ನಮಗೆ ಬೇಕು ಅಂತಲೂ ಭಾರತ ಕೈ ಎತ್ತಿದೆ. ಅಂದರೆ ನಮ್ಮ ದೇಶದ ಗುರುತು ಅಂತ ಯಾವ ಚಿತ್ರವನ್ನು, ಯಾರು, ಹೇಗೆ ಆರಿಸುತ್ತಾರೆ ಅನ್ನುವುದು ಮುಂದಿನ ಹತ್ತು ವರ್ಷ ಮತ್ತೆ ಮತ್ತೆ ಎದುರಾಗುವ ವಿಷಯ.

ಕೋನ್ ಹಿಂದಿನ ಕಥೆ

ಗ್ಲಾಸ್ಗೊ ನಗರದ ಮಧ್ಯೆ, ಆಧುನಿಕ ಕಲೆಯ ಗ್ಯಾಲರಿ ಮುಂದೆ, ಕುದುರೆ ಮೇಲೆ ಕೂತ ಡ್ಯೂಕ್ ಆಫ್ ವೆಲಿಂಗ್ಟನ್ ಪ್ರತಿಮೆ ಇದೆ. ನಮಗೂ ಪರಿಚಯ ಇರುವ ಮನುಷ್ಯನೇ. 1799ರಲ್ಲಿ ಟಿಪ್ಪು ವಿರುದ್ಧ ಶ್ರೀರಂಗಪಟ್ಟಣಕ್ಕೆ ಬಂದ ಸೇನೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಈತನೇ. ಆ ಪ್ರತಿಮೆಯ ತಲೆ ಮೇಲೆ ಯಾರೋ ರಾತ್ರಿ ಹತ್ತಿ ಟ್ರಾಫಿಕ್ ಕೋನ್ ಇಡುವುದು ದಶಕಗಳಿಂದ ನಡೆದು ಬಂದ ತುಂಟಾಟ. ನಗರಸಭೆಯವರು ತೆಗೆಸುತ್ತಾರೆ, ಮತ್ತೆ ಬಂದು ಕೂರುತ್ತದೆ. 2013ರಲ್ಲಿ ಯಾರೂ ಹತ್ತದ ಹಾಗೆ ಪೀಠವನ್ನೇ ಎತ್ತರಿಸುವ ಯೋಜನೆ ಹಾಕಿದರು. ಊರಿನವರು ಎಷ್ಟು ಗಲಾಟೆ ಮಾಡಿದರು ಅಂದರೆ ಯೋಜನೆಯನ್ನೇ ಕೈಬಿಡಬೇಕಾಯಿತು.

ಫಿನ್ನಿಯ ಕೋನ್ ಬಂದಿದ್ದು ಅಲ್ಲಿಂದ. ಹೆಸರು ಬಂದಿದ್ದು ಊರಿನ ನದಿ ದಂಡೆಯ ಫಿನ್ನಿಸ್ಟನ್ ಕ್ರೇನ್‌ನಿಂದ. ಗೊಂಬೆಯ ವಿನ್ಯಾಸದಲ್ಲಿ ಶಾಲೆ ಮಕ್ಕಳೂ ಕೈ ಹಾಕಿದ್ದರು. ಹೊರಗಿನವರಿಗೆ ಅರ್ಥ ಆಗದಿದ್ದರೂ ಪರವಾಗಿಲ್ಲ, ಊರಿನವರು ನೋಡಿದ ತಕ್ಷಣ ನಗಬೇಕು ಅನ್ನುವುದು ಇಲ್ಲಿನ ಲೆಕ್ಕ. ಯೂನಿಕಾರ್ನ್ ಇಡೀ ದೇಶದ್ದು, ಕೋನ್ ಆ ಒಂದು ಊರಿನದು. ಎರಡೂ ಸೇರಿದ್ದಕ್ಕೆ ಆ ಗೊಂಬೆಗೆ ಜೀವ ಬಂದಿದೆ.

ನಗೋಯಾದ ಹೊನೊಹೊನ್ ಕೂಡ ಇದೇ ಜಾತಿಯದು. ನಗೋಯಾ ಕೋಟೆಯ ಮಾಡಿನ ಎರಡು ತುದಿಗಳಲ್ಲಿ ಚಿನ್ನದ ಶಾಚಿಹೊಕೊ ಕೂತಿವೆ. ಹೊನೊಹೊನ್ ಬಂದಿದ್ದು ಅದರಿಂದ. ಹುಲಿಯ ತಲೆ, ಮೀನಿನ ಮೈ. ಬೆಂಕಿ ಬಿದ್ದರೆ ನೀರು ತರುತ್ತದೆ ಅನ್ನುವ ನಂಬಿಕೆ. ಹೊಯ್ಸಳ ಗುಡಿಗಳ ಮಕರವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಾಂಛನ ಬೇರೆ, ಮ್ಯಾಸ್ಕಾಟ್ ಬೇರೆ

ಸುದ್ದಿಗಳಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಗೊಂದಲ ಜಾಸ್ತಿ. ಆದರೆ ಎರಡರ ಕೆಲಸ ಬೇರೆ ಬೇರೆ.

ಲಾಂಛನ ಅಧಿಕಾರದ ಗುರುತು. ಈ ವಿಷಯದಲ್ಲಿ ಕನ್ನಡ ನಾಡಿಗೆ ಹಳೆಯ ಅನುಭವ ಇದೆ. ಗಂಗರದು ಆನೆ, ಬಾದಾಮಿ ಚಾಲುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ, ಹೊಯ್ಸಳರದು ಹುಲಿ ಕೊಲ್ಲುವ ಸಳ. ಶಾಸನದ ಮೇಲೆ, ನಾಣ್ಯದ ಮೇಲೆ ಅದು ಇದ್ದರೆ ಇದು ಇಂಥವರ ಆಜ್ಞೆ, ಇಂಥವರ ದುಡ್ಡು ಅಂತ ಅರ್ಥ. ಚಿನ್ನದ ನಾಣ್ಯಕ್ಕೆ ವರಹ ಅನ್ನುವ ಹೆಸರೇ ವರಾಹ ಲಾಂಛನದಿಂದ ಬಂತು. ಚಿತ್ರ ಜನರ ಬಾಯಿಗೆ ಬಂದು ಮಾತಾಯಿತು. ಲಾಂಛನಕ್ಕೆ ಅದಕ್ಕಿಂತ ದೊಡ್ಡ ಗೆಲುವಿಲ್ಲ.

ಮ್ಯಾಸ್ಕಾಟ್ ಹುಟ್ಟಿದ್ದು ಇನ್ನೊಂದು ಮನೆಯಲ್ಲಿ. ಆ ಪದದ ಮೂಲ ದಕ್ಷಿಣ ಫ್ರಾನ್ಸಿನ ಮಾತು. ಮಾಟ, ತಾಯತ, ಅದೃಷ್ಟ ತರುವ ವಸ್ತು ಅನ್ನುವ ಅರ್ಥ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಹುಡುಕಬೇಕಾದರೆ ಕಟ್ಟುತ್ತಿರುವ ಮನೆಗಳ ಮುಂದೆ ನೇತು ಹಾಕುವ ದೃಷ್ಟಿ ಗೊಂಬೆ ನೋಡಬಹುದು. ದಪ್ಪ ಮೀಸೆ, ದೊಡ್ಡ ಕಣ್ಣು, ಹೊರಚಾಚಿದ ನಾಲಿಗೆ. ಅದು ಯಾರ ಅಧಿಕಾರವನ್ನೂ ಹೇಳುವುದಿಲ್ಲ, ಸುಮ್ನೆ ಕಾಯುತ್ತದೆ. ಒಲಿಂಪಿಕ್ಸ್‌ನ ಮೊದಲ ಅಧಿಕೃತ ಮ್ಯಾಸ್ಕಾಟ್ 1972ರ ಮ್ಯೂನಿಕ್‌ನ ವಾಲ್ಡಿ ಅನ್ನುವ ಗಿಡ್ಡ ಕಾಲಿನ ನಾಯಿ. 1980ರ ಮಾಸ್ಕೋ ಕರಡಿ ಮೀಶಾ, 1982ರ ದೆಹಲಿ ಏಷ್ಯಾಡ್‌ನ ಆನೆಮರಿ ಅಪ್ಪು ಇವುಗಳನ್ನು ಆ ಕಾಲದ ಮಕ್ಕಳು ಈಗಲೂ ಮರೆತಿಲ್ಲ. ಅದೇ ಏಷ್ಯಾಡ್‌ನ ಲಾಂಛನ ಜಂತರ್ ಮಂತರ್‌ನಿಂದ ಬಂದದ್ದು ಅಂತ ಎಷ್ಟು ಜನಕ್ಕೆ ನೆನಪಿದೆ? ಲಾಂಛನವನ್ನು ಗೌರವಿಸುತ್ತೇವೆ, ಗೊಂಬೆಯನ್ನು ಅಪ್ಪಿಕೊಳ್ಳುತ್ತೇವೆ. ಅಪ್ಪಿಕೊಂಡದ್ದು ಮನಸ್ಸಲ್ಲಿ ಉಳಿಯುತ್ತದೆ.

ಎರಡನ್ನೂ ಚೆನ್ನಾಗಿ ಬೆಸೆದ ಉದಾಹರಣೆ 1988ರ ಸೋಲ್ ಒಲಿಂಪಿಕ್ಸ್‌ನ ಹುಲಿಮರಿ ಹೊದೋರಿ. ಅದರ ತಲೆ ಮೇಲೆ ಕಪ್ಪು ಟೋಪಿ. ಕೊರಿಯಾದ ರೈತರು ಸುಗ್ಗಿ ಕುಣಿತದಲ್ಲಿ ಹಾಕಿಕೊಳ್ಳುವ ಟೋಪಿ ಅದು. ತುದಿಗೆ ಉದ್ದದ ಪಟ್ಟಿ ಕಟ್ಟಿರುತ್ತಾರೆ. ಕುಣಿಯುವವನು ತಲೆ ತಿರುಗಿಸಿದ ಹಾಗೆ ಪಟ್ಟಿ ಗಾಳಿಯಲ್ಲಿ ಸುತ್ತುತ್ತದೆ. ಹೊದೋರಿಯ ಟೋಪಿಯ ಪಟ್ಟಿ ಬಳುಕಿ ಇಂಗ್ಲಿಷಿನ ಎಸ್ ಅಕ್ಷರವಾಗಿದೆ. ಅದು ಸೋಲ್ ನಗರದ ಮೊದಲ ಅಕ್ಷರ. ಹುಲಿ ದೇಶದ್ದು, ಟೋಪಿ ರೈತರದ್ದು, ಅಕ್ಷರ ನಗರದ್ದು. ಗೊತ್ತಿಲ್ಲದವರಿಗೆ ಅದೊಂದು ಮುದ್ದು ಹುಲಿಮರಿ, ಅಷ್ಟೇ. ಗೊತ್ತಿದ್ದವರಿಗೆ ಪೂರ್ತಿ ಒಂದು ಊರು.

ಹಳೆಯ ಚಿತ್ರವನ್ನು ಯಾಕೆ ಹಾಗೇ ಬಳಸುವುದಿಲ್ಲ?

ನಮ್ಮಲ್ಲಿ ಇಷ್ಟೊಂದು ಸಿರಿ ಇದೆ, ಅದನ್ನು ಬಿಟ್ಟು ಯಾವುದೋ ಕಾರ್ಟೂನ್ ಯಾಕೆ ತರುತ್ತಾರೆ ಅನ್ನುವ ದೂರು ಪ್ರತಿ ಸಲವೂ ಕೇಳುತ್ತದೆ. ಇದಕ್ಕೆ ರುಚಿಯ ಕೊರತೆ ಒಂದೇ ಕಾರಣ ಅಲ್ಲ. ಹಿಂದೆ ದುಡ್ಡಿನ ಲೆಕ್ಕ ಇದೆ.

ದೊಡ್ಡ ಕ್ರೀಡಾಕೂಟ ನಡೆಸುವವರು ಗೊಂಬೆ, ಟೀ ಶರ್ಟ್, ಕೀ ಚೈನ್, ಮಗ್ ಇವನ್ನೆಲ್ಲ ಮಾರಲು ಕಂಪನಿಗಳಿಗೆ ಪರವಾನಗಿ ಕೊಡುತ್ತಾರೆ. ಆ ಪರವಾನಗಿಗೆ ಬೆಲೆ ಬರಬೇಕಾದರೆ ಚಿತ್ರ ಪೂರ್ತಿಯಾಗಿ ಅವರದ್ದೇ ಆಗಿರಬೇಕು, ಬೇರೆಯವರು ಅಚ್ಚು ಹಾಕಿದರೆ ಕೋರ್ಟಿಗೆ ಹೋಗುವಂತಿರಬೇಕು. ಗಂಡಭೇರುಂಡದ ಮೇಲೆ ಯಾರಿಗೆ ಅಂಥ ಹಕ್ಕಿದೆ? ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲೆ ಮನುಷ್ಯನ ಮೈಯ, ಎರಡು ಹಕ್ಕಿ ತಲೆಯ ಗಂಡಭೇರುಂಡ ಇದೆ. ವಿಜಯನಗರದ ನಾಣ್ಯದ ಮೇಲಿದೆ. ಮೈಸೂರು ಒಡೆಯರ ಲಾಂಛನದಲ್ಲಿದೆ. ಸಾವಿರ ವರ್ಷದಿಂದ ಎಲ್ಲರದ್ದೂ ಆಗಿರುವುದನ್ನು ಒಂದು ಕಂಪನಿ ತನ್ನದು ಅನ್ನಲಾಗದು. ಜೊತೆಗೆ ಅದು ನಮ್ಮ ರಾಜ್ಯ ಲಾಂಛನದ ನಡುವೆ ಕೂತಿದೆ. ಅಕ್ಕಪಕ್ಕ ಆನೆ ಸೊಂಡಿಲಿನ ಸಿಂಹಗಳು, ಮೇಲೆ ಅಶೋಕ ಸ್ತಂಭದ ಸಿಂಹ. ರಾಜ್ಯಗಳ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ.

ಹೀಗಾಗಿ ಆಯೋಜಕರು ಹಳೆಯದನ್ನು ಒಂದಿಷ್ಟು ತಿರುಚಿ ಹೊಸದು ಮಾಡುತ್ತಾರೆ, ಇಲ್ಲವೇ ಏನೂ ಬೇರಿಲ್ಲದ ಹೊಸ ಪಾತ್ರ ಹುಟ್ಟಿಸುತ್ತಾರೆ. ಎರಡನೆಯದಕ್ಕೆ ಹಳೆಯ ಉದಾಹರಣೆ 1996ರ ಅಟ್ಲಾಂಟಾದ ಇಜ್ಜಿ. ಅದು ಪ್ರಾಣಿಯೂ ಅಲ್ಲ, ಮನುಷ್ಯನೂ ಅಲ್ಲ. ಇದೇನಿದು ಅನ್ನುವ ಪ್ರಶ್ನೆಯಿಂದಲೇ ಅದರ ಮೊದಲ ಹೆಸರು ಹುಟ್ಟಿತ್ತು. ಜನ ಒಪ್ಪಲಿಲ್ಲ.

ಹಕ್ಕಿನ ವಿಷಯದಲ್ಲಿ ಎಡವಿದರೆ ಬೀಳುವ ಪೆಟ್ಟು ಹೇಗಿರುತ್ತದೆ ಅಂತ ಟೋಕಿಯೊ ನೋಡಿತು. 2020ರ ಒಲಿಂಪಿಕ್ಸ್‌ಗೆ ಮೊದಲು ಆರಿಸಿದ ಲಾಂಛನ ಬೆಲ್ಜಿಯಂನ ಒಂದು ರಂಗಮಂದಿರದ ಲೋಗೊ ಥರ ಇದೆ ಅಂತ ಆ ರಂಗಮಂದಿರದ ಲೋಗೊ ಮಾಡಿದ ವಿನ್ಯಾಸಕ ದೂರಿದ. 2015ರ ಸೆಪ್ಟೆಂಬರ್‌ನಲ್ಲಿ ಆ ಲಾಂಛನವನ್ನೇ ಹಿಂದಕ್ಕೆ ತೆಗೆದುಕೊಂಡರು. ಮರುವರ್ಷ ಬಂದದ್ದು ಜಪಾನಿನ ಹಳೆಯ ಚೌಕಳಿ ಬಟ್ಟೆ ವಿನ್ಯಾಸದಿಂದ ಕಟ್ಟಿದ ನೀಲಿ ಲಾಂಛನ. ಚೌಕಳಿ ಯಾರಪ್ಪನ ಸ್ವತ್ತೂ ಅಲ್ಲ. ಆದರೆ ಮೂರು ಬಗೆಯ 45 ಆಯತಗಳನ್ನು ಜೋಡಿಸಿದ ರೀತಿ ಪೂರ್ತಿ ಹೊಸದು. ಹಳೆಯದನ್ನೂ ಬಿಡದೆ, ಹಕ್ಕನ್ನೂ ಕಳೆದುಕೊಳ್ಳದೆ ಮಾಡುವ ದಾರಿ ಇದೆ ಅಂತ ಅದು ತೋರಿಸಿತು. ಮ್ಯಾಸ್ಕಾಟ್ ಆರಿಸುವುದನ್ನಂತೂ ಆ ದೇಶ ಪ್ರಾಥಮಿಕ ಶಾಲೆ ಮಕ್ಕಳ ಮತಕ್ಕೇ ಬಿಟ್ಟಿತು.

ನವರಸದಲ್ಲಿ ಎಷ್ಟು ರಸ ಉಳಿಯಿತು?

2023ರ ಕ್ರಿಕೆಟ್ ವಿಶ್ವಕಪ್‌ನ ಐದು ಪಂದ್ಯಗಳು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದವು. ಆ ಟೂರ್ನಿಯ ಇಡೀ ವಿನ್ಯಾಸ ನವರಸದ ಮೇಲೆ ನಿಂತಿತ್ತು. ಒಂದೊಂದು ಭಾವಕ್ಕೆ ಒಂದೊಂದು ಬಣ್ಣ, ಒಂದೊಂದು ಗುರುತು. ಒಳ್ಳೆಯ ಆಲೋಚನೆ ಅದು. ಗ್ಯಾಲರಿಯಲ್ಲಿ ಕೂತವರ ಮುಖದಲ್ಲಿ ಕೊನೆಯ ಓವರ್‌ನಲ್ಲಿ ಒಂಬತ್ತೂ ರಸ ಬಂದು ಹೋಗುತ್ತವೆ, ಅಲ್ವಾ?

ಆದರೆ ಪಟ್ಟಿಯನ್ನು ಹತ್ತಿರದಿಂದ ನೋಡಬೇಕು. ನಮಗೆ ಗೊತ್ತಿರುವ ನವರಸ ಶೃಂಗಾರ, ಹಾಸ್ಯ, ಕರುಣ, ರೌದ್ರ, ವೀರ, ಭಯಾನಕ, ಬೀಭತ್ಸ, ಅದ್ಭುತ, ಶಾಂತ. ವಿಶ್ವಕಪ್‌ನ ಪಟ್ಟಿಯಲ್ಲಿ ಇದ್ದದ್ದು ಸಂತೋಷ, ಶಕ್ತಿ, ಸಂಕಟ, ಗೌರವ, ಹೆಮ್ಮೆ, ಧೈರ್ಯ, ಕೀರ್ತಿ, ಬೆರಗು, ಹುಮ್ಮಸ್ಸು. ವೀರ, ಅದ್ಭುತ ಉಳಿದುಕೊಂಡವು. ಕರುಣ ಸಂಕಟವಾಯಿತು. ಭಯಾನಕ ಇಲ್ಲ, ಬೀಭತ್ಸ ಇಲ್ಲ, ಶಾಂತವೂ ಇಲ್ಲ. ಹೆಮ್ಮೆ, ಕೀರ್ತಿ, ಗೌರವ ಹೊಸದಾಗಿ ಬಂದು ಸೇರಿಕೊಂಡವು.

ಹೀಗೆ ಬದಲಿಸುವುದು ತಪ್ಪಲ್ಲ ಅಂತ ಒಂದು ವಾದ. ರಸ ಅನ್ನುವುದನ್ನು ಎಂದೂ ಕೇಳದ ಹತ್ತು ದೇಶದ ಪ್ರೇಕ್ಷಕರಿಗೆ ಬೀಭತ್ಸ ಅಂದರೆ ಏನು ಅಂತ ಜಾಹೀರಾತಿನಲ್ಲಿ ಹೇಳಲಿಕ್ಕಾಗುವುದಿಲ್ಲ, ಆಟಕ್ಕೆ ಒಗ್ಗುವಂತೆ ಮಾಡಿಕೊಂಡಿದ್ದಾರೆ ಅನ್ನುವುದು ಅದರ ತಿರುಳು. ಇದರಲ್ಲಿ ಹುರುಳಿದೆ. ಆದರೂ ಕಳೆದುಕೊಂಡದ್ದು ದೊಡ್ಡದು. ನವರಸದ ದೊಡ್ಡತನ ಇರುವುದೇ ಕೆಟ್ಟ ಭಾವಗಳಿಗೂ ಜಾಗ ಕೊಟ್ಟದ್ದರಲ್ಲಿ. ಯಕ್ಷಗಾನದಲ್ಲಿ ರಕ್ಕಸನ ಅಬ್ಬರ ಇಲ್ಲದೆ ನಾಯಕನ ವೀರ ಎದ್ದು ಕಾಣುವುದಿಲ್ಲ. ಸೋಲಿನ ಹೇಸಿಗೆ, ಎದುರಾಳಿ ಬೌಲರ್ ಹುಟ್ಟಿಸುವ ಭಯ, ಎಲ್ಲ ಮುಗಿದ ಮೇಲಿನ ಶಾಂತಿ ಇವೆಲ್ಲ ಆಟದಲ್ಲಿ ಇವೆ. ಅವನ್ನು ತೆಗೆದರೆ ಉಳಿಯುವುದು ಒಂಬತ್ತು ಅನ್ನುವ ಸಂಖ್ಯೆ ಮಾತ್ರ. ಇನ್ನು ಆ ವಿಶ್ವಕಪ್‌ನ ಮ್ಯಾಸ್ಕಾಟ್‌ಗಳಾದ ಬ್ಲೇಜ್ ಮತ್ತು ಟಾಂಕ್ ಯಾವುದೋ ಕಲ್ಪನೆಯ ಲೋಕದಿಂದ ಬಂದವರು. ನವರಸಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ.

ಯಾರ ಗುರುತು, ಯಾರನ್ನು ಕೇಳಿದಿರಿ?

ಅತಿ ಹೆಚ್ಚು ಜಗಳ ಆಗುವುದು ಇಲ್ಲಿ. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ನ ಲಾಂಛನ ಕಲ್ಲುಗಳನ್ನು ಪೇರಿಸಿದ ಮನುಷ್ಯಾಕೃತಿ. ಹೆಸರು ಇಲಾನಾಕ್, ಅಂದರೆ ಗೆಳೆಯ. ಅದು ಉತ್ತರ ತುದಿಯ ಹಿಮದ ನಾಡಿನ ಇನ್ಯುಟ್ ಜನರದ್ದು. ದಾರಿ ತಿಳಿಯಲು ಅವರು ಪೇರಿಸುವ ಕಲ್ಲುಗಳು. ವ್ಯಾಂಕೂವರ್ ಇರುವುದು ತೀರಾ ದಕ್ಷಿಣದಲ್ಲಿ, ಬೇರೆ ಮೂಲನಿವಾಸಿಗಳ ನೆಲದಲ್ಲಿ. ನಮ್ಮ ನೆಲದ ಕೂಟಕ್ಕೆ ನಮ್ಮ ಗುರುತು ಯಾಕಿಲ್ಲ ಅಂತ ಅವರು ಕೇಳಿದರು. ಕಲ್ಲು ಪೇರಿಸಿದ ರೀತಿಯೇ ಸರಿಯಿಲ್ಲ ಅಂತ ಇನ್ಯುಟ್ ಜನರಲ್ಲೂ ಕೆಲವರು ಬೇಸರಪಟ್ಟರು. ಕಲಬುರಗಿಯಲ್ಲಿ ಕೂಟ ಮಾಡಿ ಯಕ್ಷಗಾನದ ಕಿರೀಟವನ್ನು ಲಾಂಛನ ಮಾಡಿದರೆ ಹೇಗೆ? ಎರಡೂ ಕರ್ನಾಟಕವೇ, ಆದರೆ ಆ ಊರಿನವರಿಗೆ ಅದು ತಮ್ಮದು ಅನ್ನಿಸುವುದಿಲ್ಲ.

ಅಮೆರಿಕದಲ್ಲಿ ಜಗಳ ಇನ್ನೂ ಆಳದ್ದು. ಮೂಲನಿವಾಸಿಗಳ ಮುಖವನ್ನೇ ಮ್ಯಾಸ್ಕಾಟ್ ಮಾಡಿಕೊಂಡ ತಂಡಗಳಿದ್ದವು. ನಾವು ನಿಮ್ಮನ್ನು ಗೌರವಿಸುತ್ತಿದ್ದೇವೆ ಅಂತ ತಂಡಗಳು, ನಾವು ನಿಮ್ಮ ಆಟದ ಗೊಂಬೆಗಳಲ್ಲ ಅಂತ ಆ ಜನ. ದಶಕಗಳ ಹೋರಾಟದ ನಂತರ ವಾಷಿಂಗ್ಟನ್ ಫುಟ್‌ಬಾಲ್ ತಂಡ 2020ರಲ್ಲಿ ಹಳೆಯ ಹೆಸರು ಬಿಟ್ಟಿತು. ಕ್ಲೀವ್‌ಲ್ಯಾಂಡ್ ಬೇಸ್‌ಬಾಲ್ ತಂಡವೂ ಹೆಸರು ಬದಲಿಸಿಕೊಂಡಿತು.

ನಮ್ಮಲ್ಲೂ ಈ ಗೆರೆ ಇದೆ. ಯಕ್ಷಗಾನದ ಕಿರೀಟ ಕಲೆಯದು, ರಂಗದ ಮೇಲೆ ಬಂದೇ ಬರುತ್ತದೆ. ಕರಾವಳಿಯ ದೈವದ ಮುಖ ಆರಾಧನೆಯದು. ದೈವದ ವೇಷವನ್ನು ವೇದಿಕೆ ಮೇಲೆ, ಮೆರವಣಿಗೆಯಲ್ಲಿ ಹಾಕಬೇಡಿ ಅಂತ ದೈವಾರಾಧಕರು ಹಲವು ಸಲ ಹೇಳಿದ್ದಾರೆ. ಹೊರಗಿನ ವಿನ್ಯಾಸಕನಿಗೆ ಎರಡೂ ಬಣ್ಣದ ಮುಖಗಳೇ. ಬೆಂಗಳೂರು ಕರಗವೂ ಹಾಗೆಯೇ. ಮಲ್ಲಿಗೆ ಹೊದ್ದ ಆ ಕರಗ ಚಿತ್ರವಾಗಿ ತುಂಬ ಚೆಂದ. ಆದರೆ ತಿಗಳ ಸಮುದಾಯದವರು ವ್ರತ ಹಿಡಿದು ಹೊರುವ ಶಕ್ತಿ ಅದು, ರಾತ್ರಿಯಿಡೀ ನಡೆದು ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುವಂಥದ್ದು. ಅವರನ್ನು ಕೇಳದೆ ಅದನ್ನು ಕೀ ಚೈನ್ ಮೇಲೆ ತರುವುದು ಸರಿಯಲ್ಲ.

ರಾಜ್ಯಪ್ರಾಣಿ ಅನ್ನುವ ಸುಲಭದ ದಾರಿ

ಈ ತಕರಾರುಗಳೇ ಬೇಡ ಅಂತ ನಮ್ಮ ಆಯೋಜಕರು ಹಿಡಿದ ದಾರಿ ಸರ್ಕಾರದ ಪಟ್ಟಿ. 2015ರ ಕೇರಳ ರಾಷ್ಟ್ರೀಯ ಕ್ರೀಡಾಕೂಟಕ್ಕೆ ರಾಜ್ಯಪಕ್ಷಿ ಮಂಗಟ್ಟೆ, 2023ರ ಗೋವಾಕ್ಕೆ ರಾಜ್ಯಪ್ರಾಣಿ ಕಾಟಿ, 2025ರ ಉತ್ತರಾಖಂಡಕ್ಕೆ ರಾಜ್ಯಪಕ್ಷಿ ಮೋನಾಲ್. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ವೀರ ಅನ್ನುವ ಆನೆ. ಪ್ರಾಣಿಗೆ ಜಾತಿಯಿಲ್ಲ, ಪಕ್ಷವಿಲ್ಲ, ಯಾರೂ ಆಕ್ಷೇಪಿಸುವುದಿಲ್ಲ. ಯಾರೂ ನೆನಪಿಟ್ಟುಕೊಳ್ಳುವುದೂ ಇಲ್ಲ. ವೀರನ ಹೆಸರು ಈಗ ಬೆಂಗಳೂರಿನಲ್ಲಿ ಎಷ್ಟು ಮಕ್ಕಳಿಗೆ ಗೊತ್ತು?

ಪಕ್ಕದ ತಮಿಳುನಾಡು ಬೇರೆ ದಾರಿ ಹಿಡಿಯಿತು. 2022ರ ಚೆಸ್ ಒಲಿಂಪಿಯಾಡ್‌ಗೆ ಅವರು ಮಾಡಿದ್ದು ತಂಬಿ. ಚದುರಂಗದ ಕುದುರೆ, ಪಂಚೆ ಶರ್ಟ್ ತೊಟ್ಟು ಕೈ ಮುಗಿದು ನಿಂತಿದೆ. ತಂಬಿ ಅಂದರೆ ನಮ್ಮ ತಮ್ಮ. ಮನೆಯ ಹುಡುಗನನ್ನು, ಅಂಗಡಿಯ ಹುಡುಗನನ್ನು ಕರೆಯುವ ಮಾತು. ಡಿಎಂಕೆ ಕಟ್ಟಿದ ಅಣ್ಣಾದೊರೈ ತಮ್ಮ ಪಕ್ಷದ ಕಾರ್ಯಕರ್ತರನ್ನು ಕರೆಯುತ್ತಿದ್ದ ಮಾತೂ ಅದೇ, ಹಾಗಾಗಿ ಅದರಲ್ಲಿ ರಾಜಕೀಯದ ದನಿಯೂ ಇದೆ ಅಂತ ಓದಿದವರಿದ್ದಾರೆ. ಇರಬಹುದು. ಆದರೆ ಚೆನ್ನೈನ ಬೀದಿಯಲ್ಲಿ ಆ ಗೊಂಬೆಯನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಲಿಲ್ಲ.

ಬೆಂಗಳೂರಿನ ಕೋನ್ ಯಾವುದು?

ನಮ್ಮಲ್ಲೂ ಜನ ತಾವೇ ಹುಟ್ಟಿಸಿದ ಗುರುತುಗಳಿವೆ. ಆರ್‌ಸಿಬಿ ಲೋಗೊದಲ್ಲಿ ಸಿಂಹ ಇದೆ. ಅದರ ಬಣ್ಣ, ಆಕಾರ ಹಲವು ಸಲ ಬದಲಾಯಿತು. 2024ರಲ್ಲಿ ತಂಡದ ಹೆಸರಿನ ಬ್ಯಾಂಗಳೂರ್ ಬೆಂಗಳೂರು ಆಯಿತು. ಆದರೆ ಆ ತಂಡಕ್ಕೆ ನಿಜವಾಗಿ ಅಂಟಿಕೊಂಡ ಗುರುತು ಒಂದು ಕನ್ನಡ ವಾಕ್ಯ: ಈ ಸಲ ಕಪ್ ನಮ್ದೇ. ಕಪ್ ಬಾರದ ಅಷ್ಟೂ ವರ್ಷ ಜನ ಅದನ್ನು ಬಿಡಲಿಲ್ಲ. ಕನ್ನಡ ಬಾರದವರೂ ಕೂಗಿದರು. ಗ್ಲಾಸ್ಗೊದ ಕೋನ್ ಇಂಥದ್ದೇ ಅಲ್ವಾ?

ಬಸವನಗುಡಿಯ ಕಥೆಯೂ ಇದೆ. ರೈತರ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದ ಬಸವನಿಗೆ ಮೊದಲ ಫಸಲು ಒಪ್ಪಿಸುತ್ತೇವೆ ಅಂತ ಹರಕೆ ಹೊತ್ತರಂತೆ. ಕಾರ್ತಿಕದ ಕೊನೆಯ ಸೋಮವಾರ ಪರಿಷೆ ಈಗಲೂ ನಡೆಯುತ್ತದೆ. ನಮ್ಮ ಕಬಡ್ಡಿ ತಂಡಕ್ಕೆ ಬುಲ್ಸ್ ಅನ್ನುವ ಹೆಸರಿದೆ, ಆದರೆ ಅದರ ಲೋಗೊದಲ್ಲಿರುವುದು ಕೆರಳಿದ ಗೂಳಿ. ಕಾಲು ಮಡಚಿ ಕೂತು ಕಡಲೆಕಾಯಿ ಮೆಲ್ಲುವ ಕಳ್ಳ ಬಸವ ಇನ್ನೂ ಯಾರ ಗೊಂಬೆಯೂ ಆಗಿಲ್ಲ.

ಇನ್ನೊಂದು ಜೀವ ಕಾಡುಪಾಪ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಂಥ ಮರ ಉಳಿದ ಜಾಗಗಳಲ್ಲಿ ಈಗಲೂ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಮುಖದ ತುಂಬ ದುಂಡು ಕಣ್ಣು, ರಾತ್ರಿ ಮಾತ್ರ ಓಡಾಟ. ನೆಲಕ್ಕಿಳಿಯುವುದು ಅಪರೂಪ, ಕೊಂಬೆಯಿಂದ ಕೊಂಬೆಗೆ ದಾಟಬೇಕು. ಒಂದು ಸಾಲುಮರ ಕಡಿದರೆ ಅದರ ರಸ್ತೆ ಕಡಿದ ಹಾಗೆ. ಅದನ್ನು ಮ್ಯಾಸ್ಕಾಟ್ ಮಾಡಿದರೆ ಗೊಂಬೆ ಚೆನ್ನಾಗಿ ಮಾರಾಟವಾಗುತ್ತದೆ, ಅನುಮಾನವಿಲ್ಲ. ಆದರೆ 2014ರ ಬ್ರೆಜಿಲ್ ವಿಶ್ವಕಪ್ ನೆನಪಿರಬೇಕು. ಚೆಂಡಿನ ಹಾಗೆ ಸುತ್ತಿಕೊಳ್ಳುವ ಅಪರೂಪದ ಆರ್ಮಡಿಲ್ಲೊವನ್ನು ಫುಲೆಕೊ ಅಂತ ಮ್ಯಾಸ್ಕಾಟ್ ಮಾಡಿದರು. ಗೊಂಬೆಗಳು ಮಾರಾಟವಾದವು, ಪ್ರಾಣಿಯ ರಕ್ಷಣೆಗೆ ಸಾಕಷ್ಟು ಹಣ ಬರಲಿಲ್ಲ ಅಂತ ಪರಿಸರದವರು ದೂರಿದರು. ಮಾರಾಟದಲ್ಲಿ ಪ್ರಾಣಿಗೆ ಎಷ್ಟು ಪಾಲು ಅಂತ ಮೊದಲೇ ಬರೆದುಕೊಳ್ಳದಿದ್ದರೆ ಕಾಡುಪಾಪಕ್ಕೂ ಅದೇ ಗತಿ.

ಗೊಂಬೆ ಎಲ್ಲಿ ತಯಾರಾಗುತ್ತದೆ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮ್ಯಾಸ್ಕಾಟ್ ಫ್ರಿಜ್ ಒಂದು ಕೆಂಪು ಟೋಪಿ. ಫ್ರೆಂಚ್ ಕ್ರಾಂತಿಯವರು ಬಿಡುಗಡೆಯ ಗುರುತಾಗಿ ತೊಟ್ಟ ಟೋಪಿ ಅದು. ಅದರ ಮೆತ್ತನೆ ಗೊಂಬೆಗಳಲ್ಲಿ ಬಹುಪಾಲು ಚೀನಾದಲ್ಲಿ ತಯಾರಾಗುತ್ತಿವೆ ಅಂತ ತಿಳಿದಾಗ ಫ್ರಾನ್ಸಿನಲ್ಲಿ ದೊಡ್ಡ ಚರ್ಚೆಯಾಯಿತು. ಗುರುತು ನಮ್ಮದು ಅಂದಮೇಲೆ ಅದನ್ನು ಮಾಡುವ ಕೈಯೂ ನಮ್ಮದಾಗಬೇಡವೇ ಅನ್ನುವುದು ಅಲ್ಲಿನ ಪ್ರಶ್ನೆ.

ಬೆಂಗಳೂರಿಗೆ ಈ ಪ್ರಶ್ನೆ ಬಂದರೆ ಉತ್ತರ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿದೆ. ಹಾಲೆಮರದ ತುಂಡು ಲೇತ್ ಮೇಲೆ ತಿರುಗುತ್ತಿರುತ್ತದೆ. ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ತಿಕ್ಕಿದರೆ ಕನ್ನಡಿಯಂಥ ಹೊಳಪು. ಲೇತ್ ಮೇಲೆ ಬರುವುದು ದುಂಡು ಆಕಾರ. ಚೂಪು ಕಿವಿ, ತೆಳು ಬಾಲ, ಬಿಡಿಸಿದ ರೆಕ್ಕೆ ಕಷ್ಟ. ದುಂಡು ತಲೆ, ದುಂಡು ಕಣ್ಣಿನ ಗೊಂಬೆಯಾದರೆ ಸಲೀಸು. ಅಂದರೆ ಚಿತ್ರ ಬರೆಯುವವನು ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಚನ್ನಪಟ್ಟಣಕ್ಕೆ ಹೋಗಿ ಬರಬೇಕು. ಕಡಿದ ಮರ ಒಣಗಲಿಕ್ಕೇ ತಿಂಗಳುಗಳು ಬೇಕು. ಉದ್ಘಾಟನೆಗೆ ಮೂರು ತಿಂಗಳಿರುವಾಗ ಮ್ಯಾಸ್ಕಾಟ್ ಬಿಡುಗಡೆ ಮಾಡಿದರೆ ಆ ಆರ್ಡರ್ ಅಲ್ಲಿಗೆ ಹೋಗಲಾರದು, ಪ್ಲಾಸ್ಟಿಕ್ ಅಚ್ಚಿನ ಕಾರ್ಖಾನೆಗೇ ಹೋಗುತ್ತದೆ.